ವಿಭೂತಿಯ ಮೂರನೆಯ ಗೆರೆ

೧೯೫೬ನೆಯ ಇಸವಿಯ ದಸರೆ. ಬನ್ನಿ ಕೊಟ್ಟು ತೆಗೆದುಕೊಂಡ ಮಾರನೆಯ ದಿನ ಬೆಳಿಗ್ಗೆ ನಮ್ಮ ಯಜಮಾನರು ಉದ್ದನೆಯ ಒಂದು ಕಬ್ಬಿಣದ ಪೈಪಿನ ಕೆಳಗೆ ಅಂಗಾತ ಮಲಗಿ ಬೆಸುಗೆ ಹಾಕುತ್ತಿದ್ದರು. ಆ ಪೈಪು ಅವರ ಎದೆಯ ಮೇಲೆ ಬೀಳುವುದರಲ್ಲಿತ್ತು. ಬೀಳಲಿಲ್ಲ. ನಡೆದದ್ದು ಇಷ್ಟೇ. ಆದರೆ ಇಷ್ಟು ಹೇಳಬೇಕಾದರೆ ಅದರ ಹಿಂದಿನ ಕೆಲವು ತಿಂಗಳ ಸಂಗತಿಯನ್ನೂ ಹೇಳಬೇಕಾಗುತ್ತದೆ. ಓದುವವರು ಬೇಸರ ಮಾಡಿಕೊಳ್ಳಬಾರದು.

ನಮ್ಮ ಊರು ಜತ್ತ. ವಿಜಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ ನಮ್ಮ ಮನೆ. ಮನೆಯ ಮುಂದಿನ ಅಂಗಳವೇ ಅಂಗಡಿ. ಮೇಲೆ ತಗಡು, ಕೆಳಗೆ ಹಾಸುಗಲ್ಲು, ರಸ್ತೆಯ ಕಡೆ ಬಯಲು. ನಮ್ಮ ಮಾವನವರ ಕಾಲದವರೆಗೂ ಮನೆತನಕ್ಕೆ ಕಿರಾಣಿ ವ್ಯಾಪಾರ. ನಮ್ಮ ಯಜಮಾನರು ಬಸಲಿಂಗಪ್ಪನವರು ಮಾತ್ರ ತಕ್ಕಡಿ ಬಿಟ್ಟು ಕಬ್ಬಿಣ ಹಿಡಿದರು. ಸೊಲ್ಲಾಪುರದಲ್ಲಿ ಕೆಲವು ವರ್ಷ ಇದ್ದು ಗ್ಯಾಸಿನ ಬೆಸುಗೆ ಕಲಿತು ಬಂದು ಊರಲ್ಲಿ ಅಂಗಡಿ ಹಾಕಿದರು. ಅಡುಗೆಮನೆಯ ಕಿಟಕಿ ಅಂಗಳಕ್ಕೇ ತೆರೆಯುತ್ತಿತ್ತು. ಯಾರು ಬಂದರು, ಯಾರ ಬಂಡಿಯ ಅಚ್ಚು ಮುರಿದಿದೆ, ಯಜಮಾನರು ಬೆಳಗಿನಿಂದ ನೀರು ಕುಡಿದರೋ ಇಲ್ಲವೋ, ಎಲ್ಲವೂ ರೊಟ್ಟಿ ಬಡಿಯುತ್ತಲೇ ನನಗೆ ತಿಳಿಯುತ್ತಿತ್ತು.

ಬೆಳಿಗ್ಗೆ ಎದ್ದ ಕೂಡಲೇ ನನಗೆ ಎರಡು ಕೆಲಸ. ಒಲೆ ಹೊತ್ತಿಸುವುದು ಒಂದು, ಅಂಗಡಿಯ ಕಾರ್ಬೈಡಿನ ಟಾಕಿ, ಅಂದರೆ ಗ್ಯಾಸಿನ ಟ್ಯಾಂಕು, ಸಿದ್ಧ ಮಾಡುವುದು ಇನ್ನೊಂದು. ಕಾರ್ಬೈಡ್ ಎಂದರೆ ಬೂದು ಬಣ್ಣದ ಕಲ್ಲಿನ ಚೂರು. ಅದಕ್ಕೆ ನೀರು ತಾಗಿದರೆ ಉರಿಯುವ ಗಾಳಿ ಹುಟ್ಟುತ್ತದೆ. ಬೆಳ್ಳುಳ್ಳಿ ಹಳಸಿದ ಹಾಗೆ ಅದರ ವಾಸನೆ. ಆ ಗಾಳಿ ಟಾಕಿಯಿಂದ ಒಂದು ರಬ್ಬರಿನ ನಳಿಗೆಯಲ್ಲಿ, ಮಿರಜದಿಂದ ತರಿಸುವ ಸಿಲಿಂಡರಿನ ಆಕ್ಸಿಜನ್ ಇನ್ನೊಂದು ನಳಿಗೆಯಲ್ಲಿ ಹೊರಟು, ಯಜಮಾನರ ಕೈಯಲ್ಲಿದ್ದ ಹಿತ್ತಾಳೆಯ ಕೊಳವೆಯ ತುದಿಯಲ್ಲಿ ಕೂಡಿ ನೀಲಿ ಉರಿಯಾಗುತ್ತಿತ್ತು. ಉರಿ ಸಣ್ಣಗಾಯಿತೆಂದರೆ ಟಾಕಿಯಲ್ಲಿ ಕಾರ್ಬೈಡ್ ತೀರಿತೆಂದು ತಿಳಿಯಬೇಕು. ಆಗ ಅವರು ಕೆಲಸ ಎಲ್ಲಿಗೆ ಬಂದಿದ್ದರೂ ಬಿಟ್ಟು ಏಳುತ್ತಿದ್ದರು. ಏಳುತ್ತ ನನ್ನ ಮೇಲೆ ನಾಲ್ಕು ಮಾತು ಉದುರಿಸುತ್ತಿದ್ದರು.

ಆ ಕಾಲಕ್ಕೆ ನಮ್ಮ ಕಡೆ ಬಾವಿಗಳಿಗೆ ಎಣ್ಣೆಯ ಎಂಜಿನ್ನು ಕೂಡಿಸುವುದು ಆಗಷ್ಟೇ ಶುರುವಾಗಿತ್ತು. ಅದುವರೆಗೆ ಕುಂಟೆ, ನೇಗಿಲು, ಬಂಡಿಯ ಅಚ್ಚು ಎಂದು ಸಣ್ಣ ಕೆಲಸಗಳೇ ಬರುತ್ತಿದ್ದ ಅಂಗಡಿಗೆ ಉದ್ದುದ್ದ ಪೈಪುಗಳು ಬರತೊಡಗಿದವು. ಎರಡು ಪೈಪು ತುದಿಗೆ ತುದಿ ಕೂಡಿಸಿ ಬೆಸೆಯಬೇಕಾದರೆ ಎರಡೂ ಒಂದೇ ಎತ್ತರದಲ್ಲಿ, ಒಂದೇ ನೇರದಲ್ಲಿ ನಿಲ್ಲಬೇಕು. ಅದಕ್ಕೆ ಯಜಮಾನರು ಕಲ್ಲಿನ ಮೇಲೆ ಕಲ್ಲು ಪೇರಿಸಿ ಅದರ ಮೇಲೆ ಪೈಪು ಇಡುತ್ತಿದ್ದರು. ಎತ್ತರ ಕಡಿಮೆ ಬಿದ್ದರೆ ಹಂಚಿನ ಚೂರು, ಇನ್ನೂ ಕಡಿಮೆ ಬಿದ್ದರೆ ಮಡಚಿದ ಗೋಣಿಚೀಲ.

ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ ಕಲ್ಲು ಜರುಗಿ ಪೈಪು ಉರುಳಿ ಅವರ ಬಲಗಾಲಿನ ಮೇಲೆ ಬಿತ್ತು. ಹೆಬ್ಬೆರಳಿನ ಉಗುರು ಹೋಯಿತು, ಪಾದ ಬಾತು ಗುಂಡಗಾಯಿತು. ಬಹಳ ದಿನ ಅರಿಶಿನ, ಬಿಸಿನೀರು ಎಂದು ಮನೆಯಲ್ಲೇ ಕುಳಿತರು. ನಮ್ಮ ಅತ್ತೆ ನೀಲವ್ವನವರಿಗೆ ಮಗ ಕಿರಾಣಿ ಬಿಟ್ಟದ್ದು ಮೊದಲಿಂದಲೂ ಮನಸ್ಸಿಗೆ ಬಂದಿರಲಿಲ್ಲ. ಕಾಲಿಗೆ ಪಟ್ಟಿ ಕಟ್ಟುತ್ತ ಕಟ್ಟುತ್ತ ಅವರು ಅನ್ನುತ್ತಿದ್ದರು, “ದುಕಾನದಾಗ ಸಕ್ಕರಿ ಚೀಲ ಕಾಲ ಮ್ಯಾಲ ಬಿದ್ದಿದ್ರ ಉಗರ ಹೋಗತಿತ್ತೇನೋ ಬಸೂ? ಮ್ಯಾಲ ಒಂದೀಟ ಸಕ್ಕರಿ ಆದ್ರೂ ಸಿಗತಿತ್ತು.”

ನನಗೆ ನಗು ಬರಲಿಲ್ಲ. ಇವತ್ತು ಪಾದದ ಮೇಲೆ ಬಿದ್ದದ್ದು ನಾಳೆ ಬೇರೆಲ್ಲಿ ಬೀಳುತ್ತದೆಯೋ ಎಂಬ ಅಂಜಿಕೆ ಹೊಟ್ಟೆಯಲ್ಲಿ ಕುಳಿತುಬಿಟ್ಟಿತು. ಏಕೆಂದರೆ ಎಷ್ಟೋ ಸಲ ಅವರು ಪೈಪಿನ ಕೆಳಗೆ ನುಗ್ಗಿಯೂ ಕೆಲಸ ಮಾಡುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅವರು ಮತ್ತೆ ಅಂಗಡಿಗೆ ಇಳಿದ ದಿನ ಹೇಳಿಯೇಬಿಟ್ಟೆ.

“ಇನ್ನ ಮ್ಯಾಲ ಕಲ್ಲಿನ ಮ್ಯಾಲ ಪೈಪ ಇಟ್ರ ನಾ ಟಾಕಿಗಿ ನೀರ ಹಾಕೂದಿಲ್ಲ ನೋಡ್ರಿ.”

“ಮತ್ತ ಯಾತರ ಮ್ಯಾಲ ಇಡ್ಲಿ? ನಿನ್ನ ತೆಲಿ ಮ್ಯಾಲ?”

“ಇಡ್ರಿ. ಕಲ್ಲಿನಕಿಂತ ಅದ ಗಟ್ಟಿ ಐತಿ.”

ಅವರು ನಕ್ಕರು. ಆದರೆ ಆ ವಾರವೇ ಮಿರಜಕ್ಕೆ ಹೋಗಿ ಹಳೆಯ ಕಬ್ಬಿಣದ ಬಜಾರದಲ್ಲಿ ಹುಡುಕಿ ಎರಡು ಅಳತೆಯ ಪೈಪಿನ ತುಂಡುಗಳನ್ನು ತಂದರು. ದಪ್ಪನೆಯದರ ಒಳಗೆ ಸಣ್ಣದು ಸರಿಯಾಗಿ ಕೂಡಬೇಕು. ಸಡಿಲವೂ ಆಗಬಾರದು, ಸಿಕ್ಕಿಕೊಳ್ಳಲೂ ಬಾರದು. ದಪ್ಪ ಪೈಪು ಕೆಳಗೆ ನಿಲ್ಲುವುದು, ಸಣ್ಣ ಪೈಪು ಅದರೊಳಗಿನಿಂದ ಮೇಲೇಳುವುದು, ಬೇಕಾದ ಎತ್ತರಕ್ಕೆ ಬಂದಾಗ ಪಕ್ಕದಿಂದ ಒಂದು ಬೋಲ್ಟು ತಿರುಗಿಸಿ ಅದನ್ನು ಬಿಗಿದುಬಿಡುವುದು. ಮೇಲ್ತುದಿಗೆ ಎರಡು ಪಟ್ಟಿ ಸೇರಿಸಿ ಮರದ ಕವಲಿನ ಹಾಗೆ ಮಾಡುವುದು, ಪೈಪು ಅದರ ನಡುವೆ ಕೂರಲಿ ಎಂದು. ಕಿಟಕಿಯ ಹೊರಗೆ ನಿಂತು ಬೆರಳಿನಿಂದ ಗೋಡೆಯ ಮೇಲೆ ಗೆರೆ ಎಳೆದು ಇದೆಲ್ಲವನ್ನೂ ನನಗೆ ಹೇಳಿದರು. ನನಗೆ ಅರ್ಧ ತಿಳಿಯಿತು, ಆದರೂ ಹೂಂ ಎಂದೆ.

ಕಾಲುಗಳಿಗೆ ಸವೆದ ಬಂಡಿಗಾಲಿಯ ಕಬ್ಬಿಣದ ಹಳಿ ಸಿಕ್ಕಿತು. ಅದನ್ನು ಕಾಸಿ ನೆಟ್ಟಗೆ ಮಾಡಿ ಕತ್ತರಿಸಿ ನಾಲ್ಕು ಕಾಲು ಕೂಡಿಸಿದರು. ನಿಲ್ಲಿಸಿದರೆ ಅದು ಕುಂಟಿತು. ನಮ್ಮ ಅಂಗಳದ ಹಾಸುಗಲ್ಲುಗಳೇ ಒಂದು ಮೇಲೆ ಒಂದು ಕೆಳಗೆ. ಉದ್ದವೆನಿಸಿದ ಕಾಲನ್ನು ಅರದಿಂದ ಕೆರೆದರು. ಆಗ ಅದರ ಎದುರಿನದು ಉದ್ದವಾಯಿತು. ಅದನ್ನು ಕೆರೆದರೆ ಪಕ್ಕದ್ದು. ಅಷ್ಟರಲ್ಲಿ ಜಾಗ ಬದಲಿಸಿದರೆ ಮತ್ತೆ ಮೊದಲಿನಿಂದ ಶುರು. ಮೂರು ದಿನ ಇದೇ ನಡೆಯಿತು. ಅತ್ತೆ ಹೊಸ್ತಿಲ ಮೇಲೆ ಕುಳಿತು ಹತ್ತಿ ಬಿಡಿಸುತ್ತ ನೋಡುತ್ತಿದ್ದರು.

“ಹಿಂಗ ಕೆರಕೋಂತ ಹೋಗು. ದೀಪಾವಳಿ ಅನ್ನೂದರಾಗ ಅದು ಕುಂದ್ರೂ ಮಣಿ ಆಗತೈತಿ. ಮ್ಯಾಲ ಕುಂದ್ರಿಸಿ ನಿನಗ ಎಣ್ಣಿ ಹಚ್ಚಿ ಎರೀತೀನಿ.”

ಆ ಮಧ್ಯಾಹ್ನ ಯಜಮಾನರು ಸಿಟ್ಟಿನಲ್ಲೇ ಊಟಕ್ಕೆ ಕುಳಿತರು. ನಮ್ಮ ಮನೆಯಲ್ಲಿ ಊಟದ ಗಂಗಾಳವನ್ನು ನೆಲಕ್ಕೆ ಇಡುವ ರೂಢಿಯಿಲ್ಲ. ಅಡ್ಡಣಿಗೆಯ ಮೇಲೆ ಇಟ್ಟೇ ಉಣ್ಣಬೇಕು. ಅಡ್ಡಣಿಗೆ ಎಂದರೆ ಮೂರು ಕಾಲಿನ ಗಿಡ್ಡ ಪೀಠ, ನಮ್ಮ ಮನೆಯದು ಹಿತ್ತಾಳೆಯದು, ಅತ್ತೆಯ ಅತ್ತೆಯ ಕಾಲದ್ದು. ಊಟದ ನಡುವೆ ಅವರು ಎಡಗೈಯಿಂದ ಅದನ್ನು ಹಿಡಿದು ಅತ್ತಿತ್ತ ಅಲುಗಿಸಿ ನೋಡಿದರು. ಅಡುಗೆಮನೆಯ ನೆಲವೂ ಅಂಗಳದ ಹಾಗೇ ತಗ್ಗು ದಿನ್ನೆ.

“ಯವ್ವಾ, ಇದ ಯಾಕ ಕುಂಟೂದಿಲ್ಲ?” ಎಂದರು.

“ಮೂರ ಕಾಲಿಂದು ಯಾಕ ಕುಂಟತೈತೋ ಹುಚ್ಚಾ? ಕುಂಟಾಕ ನಾಕನೇ ಕಾಲ ಬೇಕಲ್ಲ.”

ಅವರು ತುತ್ತು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ತಾಯಿಯ ಮುಖ ನೋಡಿದರು. ಆಮೇಲೆ ಗಂಗಾಳವನ್ನು ನನ್ನ ಕೈಗೆ ಕೊಟ್ಟು, ಅಡ್ಡಣಿಗೆ ಎತ್ತಿಕೊಂಡು ಎಂಜಲು ಕೈಯಲ್ಲೇ ಅಂಗಳಕ್ಕೆ ನಡೆದರು. ಹಾಸುಗಲ್ಲಿನ ಮೇಲೆ ಒಂದೊಂದು ಕಡೆ ಇಟ್ಟು ಅಲುಗಿಸಿ ನೋಡತೊಡಗಿದರು. ಅತ್ತೆ ಹಿಂದಿನಿಂದಲೇ ಹೋಗಿ, “ಉಣ್ಣೂ ಅಡ್ಡಣಗಿ ಚಪ್ಪಲಿ ಬಿಡೂ ಜಾಗಾದಾಗ ಇಡತಾನ. ನಿಮ್ಮಪ್ಪ ಇದ್ದಿದ್ರ ನಿನ್ನ ಆ ಕಲ್ಲಿನ ಮ್ಯಾಲ ನಿಂದ್ರಸ್ತಿದ್ದ” ಎಂದು ಅದನ್ನು ಕಸಿದುಕೊಂಡು ತಂದು ತೊಳೆದು ವಿಭೂತಿ ಹಚ್ಚಿ ಒಳಗಿಟ್ಟರು.

ಮರುದಿನದಿಂದ ಮೂರು ಕಾಲಿನ ಕೆಲಸ ಶುರುವಾಯಿತು. ಅದು ಎಲ್ಲಿ ಇಟ್ಟರೂ ನಿಂತಿತು. ನಡುವಿನ ಪೈಪು ನೆಟ್ಟಗಿದೆಯೋ ಇಲ್ಲವೋ ನೋಡಲು ನಾನು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಹಿಡಿದು ನಿಲ್ಲುತ್ತಿದ್ದೆ. “ಕೈ ನಡಗಸಬ್ಯಾಡ” ಎನ್ನುತ್ತಿದ್ದರು. “ನಡಗಾಕತ್ತಿದ್ದು ನನ್ನ ಕೈ ಅಲ್ರಿ, ಗಾಳಿ” ಎನ್ನುತ್ತಿದ್ದೆ. ದಪ್ಪ ಪೈಪಿನ ಮೇಲ್ಭಾಗಕ್ಕೆ ತೂತು ಕೊರೆದು ಅದರ ಮೇಲೆ ನಟ್ಟು ಬೆಸೆದರು. ಬೋಲ್ಟಿನ ತಲೆಗೆ ಅಡ್ಡಲಾಗಿ ಒಂದು ಸರಳು ಕೂಡಿಸಿದರು, ಬೋಲ್ಟು ಬಿಗಿಯುವ ಪಾನಾ ಹುಡುಕುವ ಕೆಲಸವಿಲ್ಲದೆ ಕೈಯಿಂದಲೇ ತಿರುಗಿಸಲು ಬರುವಂತೆ. ಮೊದಲನೆಯದು ಮುಗಿದ ದಿನ ಕವಲಿನ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಜೋಳದ ಚೀಲ ಇಟ್ಟು, ಸಂಜೆಯವರೆಗೂ ಬಿಟ್ಟರು. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಹೀಗೆ ಒಟ್ಟು ನಾಲ್ಕು ಮಾಡಿದರು. ನನ್ನ ಹೊಟ್ಟೆಯೊಳಗಿನ ಅಂಜಿಕೆ ಆ ದಿನ ಅರ್ಧ ಇಳಿಯಿತು.

ಅವರು ಅದಕ್ಕೆ ಸ್ಟ್ಯಾಂಡು ಎನ್ನುತ್ತಿದ್ದರು. ಆದರೆ ಊಟದ ಅಡ್ಡಣಿಗೆಯ ಕಥೆ ಹೇಗೋ ಹೊರಗೆ ಹೋಗಿ, ಬಂದವರೆಲ್ಲ ಅದಕ್ಕೆ ಅಡ್ಡಣಗಿ ಎಂದೇ ಕರೆದರು. ಶೇಗಾಂವದ ಒಬ್ಬ ರೈತರು ಸಾಲಾಗಿ ನಿಂತ ನಾಲ್ಕನ್ನೂ, ಮೇಲೆ ಮಲಗಿದ್ದ ಪೈಪನ್ನೂ ನೋಡಿ, “ಏನ ಮಿಸ್ತ್ರಿ, ಪೈಪಿಗಿ ಊಟಕ್ಕ ಕುಂದ್ರಿಸೀರೇನು? ಬೀಗರಂಗ ಮಲಕೊಂಡೈತಲ್ಲ” ಎಂದರು.

ಆ ಹೆಸರು ಕೇಳಿ ಅತ್ತೆಗೆ ಮೊದಲು ಸಿಟ್ಟು ಬಂತು. ಆಮೇಲೆ ಒಳಗೊಳಗೇ ಇಷ್ಟವೂ ಆಯಿತು. ಮಗನಿಗೆ ದಾರಿ ತೋರಿಸಿದ್ದು ತನ್ನ ಮಾತೇ ಎಂಬುದು ಅವರಿಗೆ ಗೊತ್ತಿತ್ತು. ಅಡ್ಡಣಿಗೆ ಎಂದ ಮೇಲೆ ಅದನ್ನು ಕಾಲಿನಿಂದ ಸರಿಸುವಂತಿಲ್ಲ, ದಾಟುವಂತಿಲ್ಲ, ಮೇಲೆ ಕೂರುವಂತಿಲ್ಲ ಎಂದು ಅಂಗಡಿಗೆ ಬರುವವರಿಗೆಲ್ಲ ತಾಕೀತು ಮಾಡತೊಡಗಿದರು. ಕೆಲಸವಿಲ್ಲದಾಗ ಅವನ್ನು ಗೋಡೆಯ ಬದಿಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಯಜಮಾನರು ನಗುತ್ತಿದ್ದರು, ಬೇಡವೆನ್ನಲಿಲ್ಲ.

ದಸರೆ ಬಂತು. ಖಂಡೆ ಪೂಜೆಯ ದಿನ ಅಂಗಡಿಯ ಸಾಮಾನೆಲ್ಲ ತೊಳೆದು ಎಣ್ಣೆ ಹಚ್ಚಿ ಪೂಜಿಸುವುದು ರೂಢಿ. ಯಜಮಾನರಿಗೆ ಎಣ್ಣೆಯ ಚಿಂತೆ ಒಂದೇ ಕಡೆ ಇತ್ತು, ಆಕ್ಸಿಜನ್ ಸಿಲಿಂಡರಿನದು. ಸೊಲ್ಲಾಪುರದಲ್ಲಿ ಕಲಿಯುವಾಗ ಅವರಿಗೆ ಮೊದಲು ಹೇಳಿಕೊಟ್ಟದ್ದೇ ಅದು. ಹಿಂದಿನ ದಿನವೇ ತಾಯಿಗೆ ಹೇಳಿದರು.

“ಯವ್ವಾ, ಆ ಸಿಲಿಂಡರಕ್ಕ ಎಣ್ಣಿಗೈ ಸುದ್ದಾ ಮುಟ್ಟಸಬ್ಯಾಡ. ಅದು, ಎಣ್ಣಿ ಕೂಡಿದ್ರ ಮನಿ ಉಳಿಯೂದಿಲ್ಲ.”

“ಆ ಉದ್ದನ್ನ ಕೊಡಕ್ಕೇನು? ಹೂ ಏರಸಬಹುದೋ, ಅದೂ ಬ್ಯಾಡೋ?”

“ಹೂ ಏರಸು.”

ಪೂಜೆಯ ದಿನ ಸಿಲಿಂಡರಿನ ಚಾವಿ ಮತ್ತು ಹಿತ್ತಾಳೆಯ ಕೊಳವೆ ಎರಡನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿ, ನೆಮ್ಮದಿಯಿಂದ ಚೆಂಡುಹೂ, ಕಬ್ಬು ತರಲು ಪೇಟೆಗೆ ಹೋದರು. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಅಂಗಳದಲ್ಲಿ ಏನು ನಡೆಯಿತೆಂಬುದು ನನಗೆ ಆಮೇಲೆ ತಿಳಿದದ್ದು. ಸುತ್ತಿಗೆ, ಇಕ್ಕಳ, ಅಡಿಗಲ್ಲು ಎಲ್ಲಕ್ಕೂ ಎಣ್ಣೆ ಹಚ್ಚಿ ಮುಗಿಸಿ ಅತ್ತೆ ಆ ನಾಲ್ಕು ಅಡ್ಡಣಿಗೆಗಳ ಮುಂದೆ ಕುಳಿತರು. ಅವುಗಳ ಮೇಲೆ ಅವರಿಗೆ ಉಳಿದ ಸಾಮಾನಿನ ಮೇಲಿಲ್ಲದ ಅಕ್ಕರೆ. ಬರೀ ಮೇಲೆ ಹಚ್ಚಿದರೆ ಸಮಾಧಾನವಾಗಲಿಲ್ಲ. ಬೋಲ್ಟು ಸಡಿಲಿಸಿ, ಒಳಗಿನ ಪೈಪನ್ನು ಪೂರ್ತಿ ಹೊರಗೆ ಎಳೆದು, ತುಕ್ಕು ತಿಕ್ಕಿ, ಉದ್ದಕ್ಕೂ ಕುಸುಬಿ ಎಣ್ಣೆ ಹಚ್ಚಿದರು. ದಪ್ಪ ಪೈಪಿನ ಒಳಗೂ ಕೋಲಿಗೆ ಬಟ್ಟೆ ಸುತ್ತಿ ಎಣ್ಣೆ ಸವರಿದರು. ಮತ್ತೆ ಕೂಡಿಸಿ, ಕವಲಿನ ಕೊರಳಿಗೆ ಹೂವಿನ ದಾರ ಕಟ್ಟಿ, ಅದರ ಕೆಳಗೆ ಒಳಪೈಪಿನ ಮೇಲೆ ಒಂದು ಬಟ್ಟೆಯಿಂದ ಎಣ್ಣೆ ಒತ್ತಿ ತೆಗೆದು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದರು. ನಾಲ್ಕಕ್ಕೂ ಮೂರು ಮೂರು ಗೆರೆ, ನಮ್ಮ ಹಣೆಯ ಮೇಲೆ ಇರುವಂತೆಯೇ.

ಬನ್ನಿಯ ಮಾರನೆಯ ಬೆಳಿಗ್ಗೆ ಕರಜಗಿಯ ಸಿದರಾಯ ಕಾಕಾ ಬಂಡಿ ಕಟ್ಟಿಕೊಂಡು ಬಂದರು. ಜೊತೆಗೆ ಅವರ ಹೊಲದ ನಾಲ್ಕು ಮಂದಿ ಆಳುಗಳು. ಬಾವಿಗೆ ಎಂಜಿನ್ನು ಕೂಡಿಸಿ ಆಗಿತ್ತು, ಪೈಪಿನದೊಂದೇ ಬಾಕಿ. ಎರಡು ಉದ್ದನೆಯ ಪೈಪು, ಅವುಗಳಲ್ಲಿ ಒಂದರ ತುದಿಗೆ ಮೊದಲೇ ಬೆಸೆದಿದ್ದ ಭಾರವಾದ ಬಾಗು. ನಾಲ್ಕೂ ಮಂದಿ ತಲೆಗೆ ಸಿಂಬಿ ಸುತ್ತಿಕೊಂಡು ಏದುಸಿರು ಬಿಡುತ್ತ ಒಳಗೆ ತಂದರು.

ಯಜಮಾನರು ಸ್ಟ್ಯಾಂಡುಗಳನ್ನು ಸಾಲಾಗಿ ಇಟ್ಟು, ಬೋಲ್ಟು ಸಡಿಲಿಸಿ ಒಳಗಿನ ಪೈಪನ್ನು ಮೇಲೆತ್ತಿದರು. “ಏನ ಸಲೀಸ ಏರಾಕತ್ತಾವ ಇವತ್ತ. ಹಬ್ಬದ ಹೋಳಗಿ ಉಂಡಂಗ ಕಾಣತೈತಿ” ಎಂದರು. ಎಣ್ಣೆಯ ಹೊಳಪು ಕಂಡಿತ್ತು. ಒರೆಸಲು ಹೆಗಲ ಮೇಲಿನ ಬಟ್ಟೆ ತೆಗೆದರು ಕೂಡ. ಬಾಗಿಲಲ್ಲಿ ನಿಂತಿದ್ದ ಅತ್ತೆ, “ಪೂಜಿ ಮಾಡಿದ್ದನ್ನ ಒರಸಬಾರದು ಬಸೂ. ಕೆಲಸ ಮಾಡಕೋಂತ ತಾನ ಹೋಗಲಿ” ಎಂದರು. ಹಬ್ಬದ ಮಾರನೆಯ ದಿನ ತಾಯಿಯ ಮಾತು ಮೀರುವುದು ಬೇಡವೆಂದು ಅವರು ಬಟ್ಟೆ ಹೆಗಲಿಗೇ ಹಾಕಿಕೊಂಡು, ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು. ಎಣ್ಣೆ ಮೇಲೆ ಮಾತ್ರ ಇದೆ ಎಂದುಕೊಂಡಿದ್ದರು. ಒಳಗೂ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ಕೆಲಸಕ್ಕೆ ಪೈಪು ಬಹಳ ಎತ್ತರ ಬೇಕಾಗಿರಲಿಲ್ಲ, ಮಂಡಿಗಿಂತ ಸ್ವಲ್ಪ ಮೇಲೆ ಸಾಕಿತ್ತು. ಹಾಗಾಗಿ ಒಳಗಿನ ಪೈಪು ಒಂದು ಗೇಣಿನಷ್ಟು ಮೇಲೆದ್ದಿತ್ತು. ಅತ್ತೆಯ ಮೂರೂ ಗೆರೆಗಳು ಸ್ಟ್ಯಾಂಡಿನ ದಪ್ಪ ಪೈಪಿನ ಬಾಯಿಂದ ಸ್ವಲ್ಪವೇ ಮೇಲೆ ಕಾಣುತ್ತಿದ್ದವು. ಧೂಳು ಏಳದಿರಲೆಂದು ಅಂಗಳಕ್ಕೆ ನೀರು ಚಿಮುಕಿಸುವಾಗ ಗೆರೆಗಳಿಗೆ ನೀರು ಸಿಡಿಯಬಾರದೆಂದು ನಾನು ಅವುಗಳನ್ನು ಬಳಸಿಕೊಂಡು ಹೋಗಿದ್ದೆ. ನಾಲ್ಕರ ಮೇಲೂ ಮೂರು ಮೂರು ಗೆರೆ ಇದ್ದದ್ದು ನನ್ನ ಕಣ್ಣಲ್ಲಿತ್ತು.

ಎರಡು ಪೈಪುಗಳ ತುದಿ ಕೂಡಿಸಿ ಮೇಲಿನ ಭಾಗ, ಪಕ್ಕದ ಭಾಗ ಬೆಸೆದಾಯಿತು. ಬಾಗು ಇಲ್ಲದ ಪೈಪಾಗಿದ್ದರೆ ಅದನ್ನು ಹೊರಳಿಸಿ ಕೆಳಗಿನ ಭಾಗವನ್ನು ಮೇಲೆ ತಂದುಕೊಳ್ಳುತ್ತಿದ್ದರು. ಇದನ್ನು ಹೊರಳಿಸಿದರೆ ಬಾಗು ನೆಲಕ್ಕೆ ತಾಗುತ್ತಿತ್ತು. ಅದಕ್ಕೆ ಗೋಣಿಚೀಲ ಹಾಸಿ, ಕಪ್ಪು ಕನ್ನಡಕ ಹಾಕಿಕೊಂಡು ಕೆಳಗೆ ನುಗ್ಗಿ ಮಲಗಿದರು. ಬೆಸುಗೆ ಸರಿಯಾಗಿ ಅವರ ಎದೆಯ ಮೇಲೆ ಬರುತ್ತಿತ್ತು.

ನಾನು ಚಹಾ ಮಾಡಿ ಹರಿವಾಣದಲ್ಲಿ ಲೋಟಗಳನ್ನಿಟ್ಟುಕೊಂಡು ಹೊರಗೆ ಬಂದೆ. ಆಳುಗಳು ರಸ್ತೆಯಾಚೆ ಬೇವಿನ ನೆರಳಿಗೆ ಹೋಗಿದ್ದರು. ಸಿದರಾಯ ಕಾಕಾ ಬಂಡಿಯ ಮೂಕಿಯ ಮೇಲೆ ಕುಳಿತು ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದರು.

“ಬಾ ತಂಗಿ. ನಿನ್ನ ಗಂಡ ಪೈಪಿನ ಬುಡಕ ನಿದ್ದಿ ಹೊಡ್ಯಾಕತ್ತಾನ, ನಾ ಇಲ್ಲಿ ಕಾವಲಾ” ಎಂದರು.

“ಚಾ ತಗೋರಿ ಕಾಕಾ” ಎನ್ನುತ್ತ ಹರಿವಾಣ ಚಾಚಿದವಳ ಕಣ್ಣು ಬಾಗಿನ ಹತ್ತಿರದ ಸ್ಟ್ಯಾಂಡಿನ ಮೇಲೆ ಹೋಯಿತು. ಅದರ ಮೇಲೆ ಎರಡೇ ಗೆರೆ.

ಅಳಿಸಿತೇನೋ ಎಂದುಕೊಂಡೆ. ಆದರೆ ಅಳಿಸಿದರೆ ಸ್ವಲ್ಪವಾದರೂ ಬಿಳಿ ಮಸುಕು ಉಳಿಯುತ್ತದೆ. ಇಲ್ಲಿ ಮಸುಕೂ ಇರಲಿಲ್ಲ. ಎರಡನೆಯ ಗೆರೆ ಸರಿಯಾಗಿ ದಪ್ಪ ಪೈಪಿನ ಬಾಯಿಗೆ ಬಂದು ಕುಳಿತಿತ್ತು. ನಾನು ನೋಡುತ್ತಿರುವಂತೆಯೇ ಅದರ ಅಂಚು ಒಳಗೆ ಇಳಿಯಿತು, ಹೊತ್ತು ಮುಳುಗುವಾಗ ಗುಡ್ಡದ ಹಿಂದೆ ಇಳಿಯುತ್ತದಲ್ಲ, ಅಷ್ಟು ನಿಧಾನವಾಗಿ.

ಪೈಪು ಇಳಿಯುತ್ತಿತ್ತು. ಕೆಳಗೆ ಅವರಿದ್ದರು.

ಕೂಗಬಹುದಾಗಿತ್ತು. ಕೂಗಿದರೆ ಉರಿಯ ಸದ್ದಿನಲ್ಲಿ ಅವರಿಗೆ ಕೇಳುತ್ತಿರಲಿಲ್ಲ. ಕೇಳಿಸಿದರೂ ಗಾಬರಿಯಿಂದ ಮೇಲೇಳಲು ಹೋಗಿ ತಲೆ ಪೈಪಿಗೆ ಬಡಿಯುತ್ತಿತ್ತು, ಕೈಯಲ್ಲಿ ಉರಿ ಬೇರೆ. ಕಾಕಾ ಓಡಿ ಬಂದು ಒಂದು ತುದಿ ಹಿಡಿದರೆ ಇನ್ನೊಂದು ತುದಿ ಜಾರುತ್ತಿತ್ತು. ಇಷ್ಟೆಲ್ಲ ನಾನು ಆಗ ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಇದೆಲ್ಲ ಆಮೇಲೆ ಹೊಳೆದದ್ದು. ಆಗ ಹೊಳೆದದ್ದು ಒಂದೇ, ಅವರು ಯಾವಾಗ ತಾವಾಗಿಯೇ ಎದ್ದು ಬರುತ್ತಾರೆ ಎಂಬುದು. ಹರಿವಾಣವನ್ನು ಕಾಕಾನ ಕೈಯಲ್ಲಿಟ್ಟು ನೇರ ಟಾಕಿಯ ಹತ್ತಿರ ಹೋಗಿ ನಳಿಗೆಗೆ ಗಾಳಿ ಬಿಡುವ ಚಾವಿ ತಿರುವಿ ಮುಚ್ಚಿದೆ.

ಉರಿ ಕೂಡಲೇ ಆರಲಿಲ್ಲ. ನಳಿಗೆಯಲ್ಲಿ ಉಳಿದಿದ್ದ ಗಾಳಿ ಉರಿದು ಮುಗಿಯಬೇಕಿತ್ತು. ನಾನು ಉರಿಯ ಕಡೆ ನೋಡಲಿಲ್ಲ, ಗೆರೆಯ ಕಡೆ ನೋಡುತ್ತಿದ್ದೆ. ಎರಡನೆಯದು ಅರ್ಧ ಹೋಗಿತ್ತು. ಆಮೇಲೆ ಪೂರ್ತಿ ಹೋಯಿತು. ಒಂದೇ ಉಳಿಯಿತು. ಆಗ ಪಟ್ ಎಂದು ಸದ್ದಾಗಿ ಉರಿ ಆರಿತು.

ಪೈಪಿನ ಕೆಳಗಿನಿಂದ ಮಾತು ಬಂತು. “ಏ ಗೌರಾ, ಟಾಕಿ ಖಾಲಿ ಆಗೈತಿ ನೋಡು. ಮುಂಜಾನೆ ನೋಡಿ ತುಂಬಾಕ ಏನ ಧಾಡಿ ನಿನಗ? ಅರ್ಧ ಕೆಲಸದಾಗ ಕೈ ಕೊಡತೈತಿ ಯಾವಾಗೂ.”

ಬಯ್ಯುತ್ತಲೇ ಹಿತ್ತಾಳೆಯ ಕೊಳವೆಯನ್ನು ಮೊದಲು ಹೊರಗಿಟ್ಟರು. ಆಮೇಲೆ ಒಂದು ಭುಜ, ಆಮೇಲೆ ತಲೆ. ಅವರದು ಯಾವಾಗಲೂ ನಿಧಾನದ ಕೈ, ಅವಸರವೆಂಬುದು ಗೊತ್ತಿಲ್ಲ. ನಾನು ತುಟಿ ಕಚ್ಚಿ ನಿಂತಿದ್ದೆ. ಹೊರಗೆ ಸರಿದು ಎದ್ದು ಕುಳಿತು, ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ಕಾಲುಗಳು ಇನ್ನೂ ಗೋಣಿಯ ಮೇಲೇ ಇದ್ದವು.

“ಯಾಕ, ಗರ ಬಡದವರಂಗ ನಿಂತಿ?”

“ಚಾ ಆರಾಕತ್ತೈತಿ. ಇಲ್ಲಿ ಬರ್ರಿ” ಎಂದೆ.

ಅವರು ಎದ್ದು, ಧೋತರ ಕೊಡವಿಕೊಂಡು, ಕಾಕಾನ ಕಡೆ ನಡೆದರು. ಹರಿವಾಣದಿಂದ ಲೋಟ ಎತ್ತಿಕೊಂಡಿರಲಿಲ್ಲ, ಹಿಂದೆ ಸರ್ ಎಂದು ಸದ್ದಾಯಿತು. ಬಾಗಿನ ಹತ್ತಿರದ ಸ್ಟ್ಯಾಂಡು ಒಮ್ಮೆಲೇ ಕುಸಿಯಿತು. ಬಾಗು ಹಾಸುಗಲ್ಲಿಗೆ ಹೊಡೆಯಿತು, ಈಚೆಯ ತುದಿ ಕವಲಿನಿಂದ ಹಾರಿ ಎದ್ದಿತು, ಇಡೀ ಪೈಪು ಗೋಣಿಚೀಲದ ಮೇಲೆ ಬಿತ್ತು. ನೆಲ ನಡುಗಿದ್ದು ನನ್ನ ಅಂಗಾಲಿಗೆ ತಿಳಿಯಿತು. ಗೋಣಿಯ ಕೆಳಗಿನ ಹಾಸುಗಲ್ಲು ಎರಡು ಹೋಳಾಗಿತ್ತು.

ಬಂಡಿಯ ಎತ್ತುಗಳು ಬೆದರಿ ಕೊರಳು ಎಳೆದಾಡಿದವು. ಸಿದರಾಯ ಕಾಕಾ ಹರಿವಾಣವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು, ಒಂದು ಹನಿಯೂ ಚೆಲ್ಲಿರಲಿಲ್ಲ. ಮೆಲ್ಲಗೆ, “ಮಿಸ್ತ್ರಿ, ಮೊದಲ ಚಾ ಕುಡಿ” ಎಂದರು.

ಯಜಮಾನರು ಮೊದಲು ಹೋಗಿ ಸಿಲಿಂಡರಿನ ಚಾವಿ ಮುಚ್ಚಿದರು. ಆಮೇಲೆ ಕುಸಿದ ಸ್ಟ್ಯಾಂಡಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಬೋಲ್ಟು ಮುಟ್ಟಿ ನೋಡಿದರು. ಅದು ಬಿಗಿಯಾಗಿಯೇ ಇತ್ತು. ಒಳಗಿನ ಪೈಪು ಎತ್ತಿ ಬೆರಳು ಹಾಕಿ ತೆಗೆದು ಮೂಸಿದರು. ಕುಸುಬಿ ಎಣ್ಣೆ. ಮೇಲಿನ ಭಾರ, ನಡುನಡುವೆ ಸುತ್ತಿಗೆಯ ಪೆಟ್ಟು, ಕೆಳಗೆ ಜಾರುವ ಎಣ್ಣೆ. ಬೋಲ್ಟಿನ ತುದಿಗೆ ಹಿಡಿತವೇ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಸದ್ದು ಕೇಳಿ ಅತ್ತೆ ಹೊರಗೆ ಬಂದರು. “ಏನ ಬಿತ್ತೋ?”

ಯಜಮಾನರು ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. “ಪೈಪ, ಯವ್ವಾ.”

ಅತ್ತೆ ಪೈಪನ್ನು ನೋಡಿದರು. ಅದರ ಕೆಳಗಿನ ಗೋಣಿಚೀಲ ನೋಡಿದರು. ಮಗನ ಬೆನ್ನಿಗೆ ಅಂಟಿದ್ದ ಗೋಣಿಯ ನಾರು ನೋಡಿದರು. ಆಮೇಲೆ ಸ್ಟ್ಯಾಂಡಿನ ಬಾಯಲ್ಲಿ ಹೊಳೆಯುತ್ತಿದ್ದ ಎಣ್ಣೆಯನ್ನು ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹತ್ತಿರ ಬಂದು ಮಗನ ತಲೆ, ಹೆಗಲು, ಎದೆ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದರು, ಎಳೆಗೂಸಿಗೆ ನೀರೆರೆದು ನೋಡುವಂತೆ.

“ಇದರ ಬುಡಕ ಮಲಗಿದ್ದೇನೋ?”

“ಇಲ್ಲಬೇ. ಚಾ ಕುಡ್ಯಾಕ ಎದ್ದಿದ್ದೆ.”

ಅದು ಸುಳ್ಳೂ ಆಗಿರಲಿಲ್ಲ. ಅತ್ತೆ ಒಳಗೆ ಹೋದರು. ಒಲೆಯ ಬೂದಿಯನ್ನು ಮೊರದಲ್ಲಿ ತುಂಬಿಕೊಂಡು ಬಂದು, ನಾಲ್ಕೂ ಸ್ಟ್ಯಾಂಡುಗಳ ಒಳಪೈಪು ಎಳೆದು, ಹಳೆಯ ಸೀರೆಯ ಬಟ್ಟೆಯಿಂದ ತಿಕ್ಕತೊಡಗಿದರು. ಹೂವಿನ ದಾರ, ಉಳಿದ ವಿಭೂತಿ ಎಲ್ಲ ಬೂದಿಯಲ್ಲಿ ಸೇರಿ ಹೋಯಿತು. ನಾನು ಜೊತೆಗೆ ಕೂರಲು ಹೋದರೆ ಕೈಯಿಂದ ತಡೆದರು. ಸಿದರಾಯ ಕಾಕಾ ಅವರ ಮುಖ ನೋಡಲಾರದೆ, “ಬಿಡವ್ವಾ, ದೇವರು ದೊಡ್ಡಾಂವ” ಎಂದರು.

“ದೇವರು ದೊಡ್ಡಾಂವ ಇದ್ದಾನಪ್ಪ. ಅಂವಗ ಹೂವ ಸಾಕಾಗತಿತ್ತು” ಎಂದರು ಅತ್ತೆ, ತಲೆ ಎತ್ತದೆ.

ಕರಜಗಿಯ ಪೈಪು ಆ ದಿನ ಮುಗಿಯಲಿಲ್ಲ. ಬಿದ್ದ ಪೆಟ್ಟಿಗೆ ಬೆಸುಗೆ ಬಿಟ್ಟಿತ್ತು. ಕಾಕಾ ಅದನ್ನು ನಮ್ಮಲ್ಲೇ ಬಿಟ್ಟು ಖಾಲಿ ಬಂಡಿ ಹೊಡೆದುಕೊಂಡು ಹೋದರು. ಹೋಗುವಾಗ, “ಲಗೂನ ಮಾಡು ಅನ್ನಾಂಗಿಲ್ಲ ಮಿಸ್ತ್ರಿ. ಸಾವಕಾಶ ಮಾಡು” ಎಂದರು. ಯಜಮಾನರು ಬೇರೆ ಕೆಲಸ ಮುಟ್ಟದೆ ಒಳಗಿನ ಪೈಪುಗಳಿಗೆ ಉದ್ದಕ್ಕೂ ಬೆರಳಂತರಕ್ಕೆ ಒಂದರಂತೆ ತೂತು ಕೊರೆದರು. ಬೇಕಾದ ಎತ್ತರದ ತೂತಿನಲ್ಲಿ ಒಂದು ದಪ್ಪ ಕಬ್ಬಿಣದ ಕೀಲು ಹಾಕಿದರೆ ಅದು ದಪ್ಪ ಪೈಪಿನ ಬಾಯಿಗೆ ಅಡ್ಡ ಕೂರುತ್ತದೆ. ಬೋಲ್ಟು ಸಡಿಲಾದರೂ, ಎಣ್ಣೆ ಇದ್ದರೂ ಕೆಳಗೆ ಇಳಿಯುವ ಮಾತಿಲ್ಲ. ಕೀಲು ಕಳೆಯಬಾರದೆಂದು ಪ್ರತಿಯೊಂದಕ್ಕೂ ಸಣ್ಣ ಸರಪಳಿ ಕಟ್ಟಿದರು. ಕೀಲು ಹಾಕಿದ್ದನ್ನು ಅತ್ತೆ ಒಂದೊಂದೂ ಎಳೆದು ನೋಡಿದ ಮೇಲೆಯೇ ಅವರು ಪೈಪಿನ ಕೆಳಗೆ ಹೋಗುವ ರೂಢಿ ಆಮೇಲೆ ಬಿತ್ತು.

ಆದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ದಿನದ ಊಟ. ಮಜ್ಜಿಗೆ ಹಾಕುವಾಗ ಅರ್ಧ ಹೊರಗೆ ಚೆಲ್ಲಿತು. ಯಜಮಾನರು ತಲೆ ಬಗ್ಗಿಸಿಕೊಂಡೇ ಕೇಳಿದರು.

“ಟಾಕ್ಯಾಗ ಕಾರ್ಬೈಡ ಎಷ್ಟ ಇತ್ತು?”

“ಅರ್ಧಕ್ಕಿಂತ ಜಾಸ್ತಿ ಇತ್ತ್ರಿ.”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಚಾವಿ ಮುಚ್ಚಿದ್ದು ನಾನು ಎಂದು ಅವರಿಗೆ ತಿಳಿದದ್ದು ಆಗ. ಏನಾದರೂ ಅನ್ನುತ್ತಾರೆ ಎಂದು ಕಾದೆ. ಅತ್ತೆಯೂ ಕಾಯುತ್ತಿದ್ದರು. ಅವರು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು.

“ಪಲ್ಯಾದಾಗ ಉಪ್ಪ ಇಲ್ಲ” ಎಂದರು.

ಅತ್ತೆ ಮುಖಕ್ಕೆ ಸೆರಗು ಹಚ್ಚಿ ನಕ್ಕುಬಿಟ್ಟರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ನಾನು ಉಪ್ಪಿನ ಬಟ್ಟಲು ತಂದು ಅವರ ಮುಂದೆ ಇಟ್ಟೆ. ಅಷ್ಟೂ ದಿನ ಪಲ್ಯಕ್ಕೆ ಉಪ್ಪಿಲ್ಲ, ಸಾರಿಗೆ ಖಾರವಿಲ್ಲ ಎಂದರೆ ನಾನೂ ಎದುರು ಮಾತಾಡುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ. ಈಗಲೂ ಅವರು ಹಾಗೇ ಗೊಣಗುತ್ತಾರೆ. ಗೊಣಗಲಿ. ಎದುರಿಗೆ ಕುಳಿತು ಗೊಣಗುತ್ತಿದ್ದಾರಲ್ಲ ಎಂದು ನಾನು ಎದ್ದು ಉಪ್ಪು ತರುತ್ತೇನೆ.